ಹಿತ್ತಿಲಿಗೊಂದು ಹಲಸಿನ ಸಸಿ

'ಹಸಿದು ಹಲಸು, ಉಂಡು ಮಾವು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಹಸಿದ ಹೊಟ್ಟೆಗೆ ಅನ್ನದಂತೆ ಒದಗುವ ಹಣ್ಣು ಹಲಸು. ಮಳೆಗಾಲದಲ್ಲಿ ಅಕ್ಕಿ ತೀರುತ್ತ ಬಂದಾಗ ಕರಾವಳಿ ಮಲೆನಾಡುಗಳ ಎಷ್ಟೋ ಮನೆಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟ ಅದರ ಸೊಳೆಯೇ ಪೊರೆದಿದೆ. ಎಳೆಯದಾದರೆ ಗುಜ್ಜೆಯ ಪಲ್ಯ, ಬಲಿತರೆ ಹಪ್ಪಳ, ಹಣ್ಣಾದರೆ ಕಡುಬು, ಮುಳ್ಕ. ಬೀಜ ಹುಳಿಗೆ, ಎಲೆ ಕೊಟ್ಟೆ ಕಡುಬಿಗೆ. ಇದರಲ್ಲಿ ಬಿಸುಡುವ ಭಾಗ ಅತ್ಯಲ್ಪ.

ಮುಂಬಯಿಯ ಮಾಟುಂಗ ಪೇಟೆಯಲ್ಲಿ ಇದೇ ಸೊಳೆಗಳನ್ನು ತೂಗಿಸಿ ಕೊಳ್ಳುವ ನಮ್ಮವರಿಗೆ, ರಜೆಯಲ್ಲಿ ಊರಿಗೆ ಹೋದಾಗ ಹಿತ್ತಿಲಲ್ಲಿ ಒಳ್ಳೆಯ ಜಾತಿಯ ಸಸಿಯೊಂದನ್ನು ನೆಡಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಮೇ ತಿಂಗಳ ಬಿಸಿಲಿನಲ್ಲಿ ನೆಟ್ಟು, ನಾಲ್ಕು ದಿನ ನೀರೆರೆದು ರೈಲು ಹತ್ತಿದವರ ಸಸಿಗಳಲ್ಲಿ ಎಷ್ಟು ಬದುಕುತ್ತವೆ? ಮರುವರ್ಷ ಹೋಗಿ ನೋಡಿದರೆ ಒಣಗಿದ ಕೋಲೊಂದು ನಿಂತಿರುತ್ತದೆ. ಹಲಸು ದೂರದಲ್ಲಿರುವ ಒಡೆಯನಿಗೆ ಹೇಳಿ ಮಾಡಿಸಿದ ಮರವೆಂಬುದು ನಿಜ. ಬೇರೂರಿದ ಮೇಲೆ ಅದು ಹೆಚ್ಚಿನದೇನನ್ನೂ ಬೇಡದು. ಆದರೆ ಮೊದಲ ಎರಡು ಬೇಸಗೆಗಳನ್ನು ದಾಟಿಸಲು ಹತ್ತಿರದ ಕೈಯೊಂದು ಬೇಕೇ ಬೇಕು.

ಮೊದಲು ಜಾಗದ ವಿಚಾರ. ಹಲಸಿಗೆ ಮಳೆ ಬೇಕು, ಸೆಕೆ ಬೇಕು; ಬೇರಿನಡಿಯಲ್ಲಿ ನಿಂತ ನೀರು ಮಾತ್ರ ಕೂಡದು. ಕೆಲವೇ ದಿನ ನೀರು ನಿಂತರೂ ಮರ ಸೊರಗಿ ಸಾಯಬಹುದು. ಆದುದರಿಂದ ಗದ್ದೆಯ ಬದಿ, ಬಚ್ಚಲ ನೀರಿನ ತಗ್ಗು ಇವು ಯೋಗ್ಯವಲ್ಲ. ಗುಡ್ಡದ ಇಳಿಜಾರಿನ ಕೆಮ್ಮಣ್ಣು ಉತ್ತಮ. ಮುರಕಲ್ಲಿನ ನೆಲದಲ್ಲಿಯೂ ಬೆಳೆಯುತ್ತದೆ. ಕಲ್ಲಿನ ಹಾಸು ಮೇಲೆಯೇ ಸಿಕ್ಕಿದರೆ ಮರ ಗಿಡ್ಡವಾಗುತ್ತದೆ. ಬೆಳೆದ ಮರ ವಿಶಾಲವಾಗಿ ಹರಡುವುದರಿಂದ ಮನೆಯ ಮಾಡಿನಿಂದಲೂ ಬೇರೆ ಮರಗಳಿಂದಲೂ 30ರಿಂದ 40 ಅಡಿ ದೂರವಿರಲಿ.

ಎರಡನೆಯದು ಸಸಿಯ ಆಯ್ಕೆ. ಹಲಸಿನ ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುವಂಥದು. ಅದನ್ನು ಕದಲಿಸಿದರೆ ಗಿಡ ಸಹಿಸದು. ಚೀಲದಲ್ಲಿ ಬಹುಕಾಲ ಉಳಿದ ಎತ್ತರದ ಸಸಿಯ ಬೇರು ಒಳಗೇ ಸುತ್ತಿಕೊಂಡಿರುತ್ತದೆ. ಎತ್ತರವನ್ನು ಕಂಡು ಮೋಸಹೋಗದೆ ಎಳೆಯ ಸಸಿಯನ್ನೇ ಕೊಳ್ಳಿರಿ. ಬೀಜದ ಗಿಡ ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಬಕ್ಕೆಯ ಬೀಜದಿಂದ ಮೆತ್ತನೆಯ ತುಳುವೆಯೂ ಹುಟ್ಟಬಹುದು. ಫಲಕ್ಕೆ ಏಳೆಂಟು ವರ್ಷ ಕಾಯಬೇಕು. ಕಸಿಗಿಡವಾದರೆ ತಾಯಿಯ ಗುಣವೇ ಬಂದು, ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಕಾಣಬಹುದು. ತುಮಕೂರು ಜಿಲ್ಲೆಯ ಚೇಳೂರಿನ ಮರವೊಂದರಿಂದ ಬಂದ 'ಸಿದ್ದು' ಎಂಬ ಕೆಂಪು ಸೊಳೆಯ ಜಾತಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಪ್ರಚಾರಕ್ಕೆ ತಂದಿದೆ. ಹಣ್ಣು ಸುಮಾರು ಎರಡೂವರೆ ಕಿಲೋ. ಸಣ್ಣ ಕುಟುಂಬಕ್ಕೆ ಹಿತವಾದ ಗಾತ್ರ. 2016ರಲ್ಲಿ ಪುಣೆಯಲ್ಲಿ ತೂಗಿದ ಹಲಸೊಂದು 42.72 ಕಿಲೋ ಭಾರವಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಅಂಥದನ್ನು ಇಳಿಸಲು ಮನೆಯಲ್ಲಿ ಗಟ್ಟಿಗರೇ ಇರಬೇಕು!

ಇನ್ನು ಕಾಲದ ಲೆಕ್ಕ. ಮೇ ರಜೆಯಲ್ಲಿ ಹೋದವರು ಜಾಗ ಗೊತ್ತುಮಾಡಿ, ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ, ಮೇಲ್ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ ಬರಲಿ. ನೆಡುವುದು ಜೂನಿನಲ್ಲಿ ಮಳೆ ಹಿಡಿದ ಮೇಲೆ. ಅದನ್ನು ಮನೆಯವರು ಮಾಡಬಲ್ಲರು. ಗುಂಡಿಯ ಮಣ್ಣು ಸುತ್ತಲ ನೆಲಕ್ಕಿಂತ ಸ್ವಲ್ಪ ಎತ್ತರವಾಗಿರಲಿ; ಕಸಿಗಂಟು ಮಣ್ಣಿನಲ್ಲಿ ಹೂತುಹೋಗಬಾರದು. ಚೌತಿಗೆ ಊರಿಗೆ ಹೋಗುವವರು ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡಿ, ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ, ಗಂಟಿನ ಕೆಳಗೆ ಒಡೆದ ಚಿಗುರುಗಳನ್ನು ಚಿವುಟಿ ಹಾಕಲಿ. ಅವನ್ನು ಬಿಟ್ಟರೆ ಕಾಡುಗಿಡವೇ ಮೇಲುಗೈಯಾಗಿ ಕಸಿ ಸಾಯುತ್ತದೆ. ಆಡು ದನಗಳಿಗೆ ಹಲಸಿನ ಎಲೆ ಬಲು ಪ್ರಿಯ, ಬೇಲಿ ಮರೆಯಬಾರದು.

ಮಳೆ ನಿಂತು ನೆಲ ಒಣಗಿದಂದಿನಿಂದ ಮುಂದಿನ ಮಳೆಯವರೆಗೆ ಮೂರು ನಾಲ್ಕು ದಿನಗಳಿಗೊಮ್ಮೆ ಎರಡು ಕೊಡ ನೀರು ಬೇಕು. ಬುಡಕ್ಕೆ ತರಗೆಲೆಯನ್ನು ದಪ್ಪನಾಗಿ ಹಾಸಿ, ಪಡುವಣ ಬಿಸಿಲಿಗೆ ತೆಂಗಿನ ಮಡಲನ್ನು ಮರೆಯಾಗಿ ಕಟ್ಟಿದರೆ ನೀರಿನ ಹೊರೆ ಕಡಮೆಯಾಗುತ್ತದೆ. ಎರಡು ಬೇಸಗೆ ಹೀಗೆ ಕಳೆದರೆ ಬೇರು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.

ಮೊದಲ ಹೂ ಬಿಟ್ಟಾಗ ಅನೇಕರು ಗಾಬರಿಗೊಳ್ಳುವುದುಂಟು. ಎಳೆಗೊಂಬೆಗಳಲ್ಲಿ ಬಂದ ಮಿಡಿಗಳು ಕಪ್ಪಾಗಿ ಉದುರುತ್ತವೆ. ಅವು ಗಂಡುಹೂವಿನ ಗೊನೆಗಳು. ಪರಾಗವಿತ್ತು ಉದುರುವುದೇ ಅವುಗಳ ಧರ್ಮ. ಕಾಯಾಗುವ ಹೆಣ್ಣು ಗೊನೆಗಳು ಕಾಂಡದಲ್ಲಿಯೂ ದಪ್ಪ ಕೊಂಬೆಗಳಲ್ಲಿಯೂ ದಪ್ಪ ತೊಟ್ಟಿನೊಡನೆ ಬರುತ್ತವೆ. ನಾವು ತಿನ್ನುವ ಒಂದೊಂದು ಸೊಳೆಯೂ ಫಲಿತವಾದ ಒಂದೊಂದು ಹೆಣ್ಣುಹೂವಿನಿಂದಾದುದು.

ಎರಡು ಕೊಡ ನೀರೆಂಬುದು ನಗರದಲ್ಲಿ ನಲ್ಲಿ ತಿರುಗಿಸುವವರಿಗೆ ಹಗುರಾದ ಮಾತು. ಊರಿನಲ್ಲಿ ಅದನ್ನು ಬಾವಿಯಿಂದ ಸೇದಿ ಗುಡ್ಡ ಹತ್ತಬೇಕಾದವರು ವಯಸ್ಸಾದ ತಾಯಿಯೋ, ಒಂಟಿಯಾಗಿ ಮನೆ ನೋಡಿಕೊಳ್ಳುವ ಅತ್ತಿಗೆಯೋ ಆಗಿರುತ್ತಾರೆ. ನಮ್ಮ ಆಸೆ ಅವರ ಬೆನ್ನಿಗೆ ಭಾರವಾಗಬಾರದು. ಸಸಿ ಕೊಳ್ಳುವ ಮೊದಲು ನೀರೆರೆಯುವವರಾರೆಂದು ಗೊತ್ತುಮಾಡಿಕೊಳ್ಳಿರಿ. ನೆರೆಯ ಹುಡುಗನೊಬ್ಬನಿಗೆ ಬೇಸಗೆಯ ನಾಲ್ಕು ತಿಂಗಳು ಕೂಲಿ ಕೊಟ್ಟರೂ ನಷ್ಟವಿಲ್ಲ.

ಅದೂ ಸಾಧ್ಯವಿಲ್ಲದವರಿಗೆ ಹಿರಿಯರ ದಾರಿಯೊಂದಿದೆ. ರಜೆಯಲ್ಲಿ ತಿಂದ ಅತ್ಯುತ್ತಮ ಹಣ್ಣಿನ ನಾಲ್ಕು ದಪ್ಪ ಬೀಜಗಳನ್ನು ತೊಳೆದು, ಒಣಗಲು ಬಿಡದೆ, ಗುಂಡಿಯಲ್ಲಿಯೇ ಊರಿ, ಹುಟ್ಟಿದವುಗಳಲ್ಲಿ ಬಲವಾದುದೊಂದನ್ನು ಉಳಿಸಿಕೊಳ್ಳುವುದು. ಬೀಜದ ಮೊಳೆಯುವ ಶಕ್ತಿ ತಿಂಗಳೊಪ್ಪತ್ತಿನಲ್ಲಿ ಕುಂದುವುದರಿಂದ ಮುಂದಿನ ವರ್ಷಕ್ಕೆಂದು ಇಡಲಾಗದು. ಫಲ ತಡವಾದೀತು, ಜಾತಿ ಬೇರೆಯಾದೀತು. ಆದರೆ ಹುಟ್ಟಿದಲ್ಲಿಯೇ ಬೇರಿಳಿಸಿದ ಗಿಡವು ಕಸಿಗಿಡಕ್ಕಿಂತ ಕಡಮೆ ನೀರಿನಲ್ಲಿ ಬದುಕೀತು.