ಗಿರಾಕಿಯ ಅಭಿಪ್ರಾಯ: ಯಂತ್ರ ಕೇಳಲಿ, ಕ್ರಮ ನಮ್ಮದಿರಲಿ

'ಅಡಗಂದೇ ಅಮ್ಮೈನಾ ಪೆಟ್ಟದು' ಅನ್ನುವುದು ತೆಲುಗಿನ ಗಾದೆ. ಕೇಳದಿದ್ದರೆ ಹೆತ್ತ ತಾಯಿಯೂ ಬಡಿಸುವುದಿಲ್ಲ ಎಂದು ಅರ್ಥ. ನಮ್ಮ ಗಡಿ ಸೀಮೆಯ ಕನ್ನಡಿಗರ ಬಾಯಲ್ಲೂ ಈ ಮಾತು ತೆಲುಗಿನಲ್ಲೇ ಓಡಾಡುತ್ತದೆ. ಮೋಟಾರು ವೈಂಡಿಂಗ್, ಬೋರು ಕೊರೆಯುವುದು, ಟ್ರ್ಯಾಕ್ಟರ್ ಬಾಡಿಗೆ, ಬೈಕ್ ರಿಪೇರಿ, ಹೊಲಿಗೆ ಇಂಥ ಕೈಕೆಲಸದ ಅಂಗಡಿಗಳಿಗೆ ಇವತ್ತು ಈ ಗಾದೆ ಬಹಳ ಚೆನ್ನಾಗಿ ಒಪ್ಪುತ್ತದೆ. ಕೆಲಸ ಸರಿಯಾಗಿ ಆದ ಗಿರಾಕಿ ದುಡ್ಡು ಕೊಟ್ಟು ಸುಮ್ಮನೆ ಊರಿಗೆ ಹೋಗುತ್ತಾನೆ. ಕೆಲಸ ಕೆಟ್ಟವನು ಸಂತೆಯಲ್ಲಿ ನಿಂತು ನಾಲ್ಕು ಜನಕ್ಕೆ ಹೇಳುತ್ತಾನೆ. ಒಳ್ಳೆಯ ಮಾತು ಬೇಕೆಂದರೆ ನಾವೇ ಬಾಯಿಬಿಟ್ಟು ಕೇಳಬೇಕು.

ಹೀಗೆ ಕೇಳುವ ಕೆಲಸವನ್ನೂ ಈಗ ಯಂತ್ರಕ್ಕೆ ಒಪ್ಪಿಸಬಹುದು. ಬಿಲ್ಲು ಹರಿದ ಮೇಲೆ ಗಿರಾಕಿಯ ಫೋನಿಗೆ 'ಕೆಲಸ ಹೇಗಿತ್ತು, ಎರಡು ಮಾತು ಬರೆಯಿರಿ' ಎಂದು ತಾನಾಗಿಯೇ ಮೆಸೇಜು ಹೋಗುವ ಏರ್ಪಾಡು ಪಟ್ಟಣಗಳಲ್ಲಿ ಆಗಲೇ ನಡೆದಿದೆ. ನಮ್ಮ ಸಣ್ಣ ಪೇಟೆಗಳ ಅಂಗಡಿಯವರೂ ಇದನ್ನು ಮಾಡಬಹುದು, ಮಾಡಲೂ ಬೇಕು. ಆದರೆ ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಎಂಬ ಮೂರನ್ನು ಯಂತ್ರದ ತಲೆಗೆ ಬಿಟ್ಟರೆ ಇದ್ದ ಹೆಸರೂ ಹೋಗುತ್ತದೆ.

ಬಾಯಿಮಾತಿನ ಜಾಗಕ್ಕೆ ನಕ್ಷತ್ರ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು. ಗಡಿ ಬಂದರೂ ವ್ಯಾಪಾರ ನಿಲ್ಲಲಿಲ್ಲ. ಮೊಳಕಾಲ್ಮೂರು ಕಡೆಯ ರೈತ ರಾಯದುರ್ಗಕ್ಕೆ ಬರುತ್ತಾನೆ, ರಾಯದುರ್ಗದವನು ಬಳ್ಳಾರಿಗೆ ಹೋಗುತ್ತಾನೆ. ಮಡಕಶಿರದವನಿಗೆ ಹಿಂದೂಪುರವೂ ಬೇಕು, ಶಿರಾ, ಪಾವಗಡವೂ ಬೇಕು. ಯಾವ ಊರಿನಲ್ಲಿ ಯಾರ ಕೈ ಒಳ್ಳೆಯದು ಎಂಬುದು ಬಾಯಿಂದ ಬಾಯಿಗೆ ಬರುತ್ತಿತ್ತು. ನಾವು ಬಾಯಿಮಾತು ಅಂತೀವಿ, ತೆಲುಗಿನವರು ನೋಟಿಮಾಟ ಅಂತಾರೆ. ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡಿನ ಚಹಾ ಅಂಗಡಿ ಅದರ ದಾರಿ.

ಆ ದಾರಿ ಮುಚ್ಚಿಲ್ಲ, ಆದರೆ ಪಕ್ಕದಲ್ಲೇ ಇನ್ನೊಂದು ದಾರಿ ಬಿದ್ದಿದೆ. ಹೊಲದಲ್ಲಿ ಮೋಟಾರು ಸುಟ್ಟ ಕೂಡಲೇ ರೈತ ಮಗನ ಕೈಲಿರುವ ಫೋನಿನಲ್ಲಿ ಹುಡುಕಿಸುತ್ತಾನೆ. ಗೂಗಲ್ ಮ್ಯಾಪು ಹತ್ತಿರದ ಅಂಗಡಿಗಳನ್ನು ತೋರಿಸಿ, ಒಂದೊಂದರ ಮುಂದೆ 1ರಿಂದ 5ರವರೆಗೆ ನಕ್ಷತ್ರ, ಎಷ್ಟು ಜನ ಹಾಕಿದ್ದಾರೆ ಎಂಬ ಲೆಕ್ಕ ಇಡುತ್ತದೆ. 30 ವರ್ಷ ತಾಮ್ರದ ತಂತಿ ಸುತ್ತಿದ ಮೇಸ್ತ್ರಿಗೆ ಮೂರೇ ಜನರ ನಕ್ಷತ್ರವಿದ್ದು, ಮೊನ್ನೆ ಬಾಗಿಲು ತೆರೆದ ಅಂಗಡಿಗೆ ನೂರು ಜನರದ್ದಿದ್ದರೆ ಹೊಸ ಗಿರಾಕಿ ಯಾವ ಕಡೆ ತಿರುಗುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ರೈತನಿಗೂ ಇದರಲ್ಲಿ ಲಾಭನಷ್ಟ ಇದೆ. ಅನಂತಪುರ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆಯೂ ಕೈಕೊಟ್ಟು, ಬೋರಿನ ಮೋಟಾರೂ ಸುಟ್ಟು, ಕೆಟ್ಟ ರಿಪೇರಿಯಿಂದ ಒಂದು ವಾರ ನೀರು ತಪ್ಪಿದರೆ ಬೆಳೆಗೇ ಪೆಟ್ಟು. ನಕ್ಷತ್ರ ನಿಜವಾಗಿದ್ದರೆ ಅದು ರೈತನಿಗೆ ದಾರಿ ತೋರಿಸುತ್ತದೆ. ಸುಳ್ಳಾಗಿದ್ದರೆ ಅವನ ಹೊಲದಲ್ಲೇ ಅದರ ದಂಡ.

ಯಂತ್ರ ಮಾಡುವುದೇನು?

ಮೊದಲು ಅಂಗಡಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಇರಬೇಕು. ಇದಕ್ಕೆ ಶುಲ್ಕವಿಲ್ಲ. ಅಂಗಡಿ ತಮ್ಮದೇ ಎಂದು ಖಾತ್ರಿ ಮಾಡಿಕೊಟ್ಟ ಮೇಲೆ, ಅಭಿಪ್ರಾಯ ಕೇಳಲಿಕ್ಕೆಂದೇ ಒಂದು ಲಿಂಕು, ಒಂದು ಕ್ಯೂಆರ್ ಚಿತ್ರ ಅದರೊಳಗೆ ಸಿಗುತ್ತದೆ. ಆ ಲಿಂಕು ಒತ್ತಿದ ಗಿರಾಕಿ ನೇರವಾಗಿ ನಕ್ಷತ್ರ ಹಾಕುವ ಜಾಗಕ್ಕೆ ಹೋಗುತ್ತಾನೆ. ಅವನಿಗೊಂದು ಗೂಗಲ್ ಖಾತೆ ಇದ್ದರೆ ಸಾಕು.

ಉಳಿದದ್ದು ಮೂರು ಹೆಜ್ಜೆ: ಬಿಲ್ಲಿನಲ್ಲಿ ಗಿರಾಕಿಯ ಫೋನ್ ನಂಬರ್ ಬರೆಯುವುದು, ಇಷ್ಟು ದಿನ ಕಾಯಬೇಕೆಂದು ಗೊತ್ತು ಮಾಡುವುದು, ಆ ದಿನ ಲಿಂಕಿನ ಸಮೇತ ಮೆಸೇಜು ಕಳಿಸುವುದು. ಇದಕ್ಕೆ ಮೂರು ದಾರಿಗಳಿವೆ.

ಒಂದನೆಯದು ವಾಟ್ಸಾಪ್ ಬಿಸಿನೆಸ್ ಆ್ಯಪ್. ಇದನ್ನು ಇಳಿಸಿಕೊಳ್ಳಲು ದುಡ್ಡಿಲ್ಲ. ಪದೇಪದೇ ಕಳಿಸುವ ಮಾತನ್ನು ಒಮ್ಮೆ ಬರೆದಿಟ್ಟರೆ ಒಂದು ಗುರುತು ಒತ್ತಿದ ಕೂಡಲೇ ಪೂರ್ತಿ ಬರುತ್ತದೆ. 'ಕೆಲಸ ಮುಗಿದಿದೆ', 'ಕೇಳಿ ಆಯ್ತು' ಎಂದು ಗಿರಾಕಿಗಳ ಹೆಸರಿಗೆ ಚೀಟಿ ಅಂಟಿಸಿದ ಹಾಗೆ ಗುರುತು ಇಡಬಹುದು. ಪೂರ್ತಿ ಯಂತ್ರವಲ್ಲ, ಅರ್ಧ ಯಂತ್ರ ಅನ್ನಿ. ದಿನಕ್ಕೆ ಐದಾರು ಬಿಲ್ಲು ಹರಿಯುವ ಅಂಗಡಿಗೆ ಇದೇ ಸಾಕು.

ಎರಡನೆಯದು ವಾಟ್ಸಾಪಿನ ದೊಡ್ಡ ಏರ್ಪಾಡು. ಬಿಲ್ಲಿನ ಕಂಪ್ಯೂಟರಿಗೆ ಜೋಡಿಸಿದರೆ ತಾನಾಗಿಯೇ ಕಳಿಸುತ್ತದೆ. ಕಳಿಸುವ ಮಾತಿನ ನಮೂನೆಗೆ ಮುಂಚೆಯೇ ಒಪ್ಪಿಗೆ ಪಡೆಯಬೇಕು, ಗಿರಾಕಿಯ ಸಮ್ಮತಿಯೂ ಇರಬೇಕು, ಮೆಸೇಜಿಗೆ ಇಷ್ಟು ಎಂದು ದುಡ್ಡು ಕಟ್ಟಬೇಕು. ಕನ್ನಡ, ತೆಲುಗು ಎರಡರಲ್ಲೂ ನಮೂನೆ ಇಡಬಹುದು.

ಮೂರನೆಯದು ಎಸ್ಸೆಮ್ಮೆಸ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ಮಾಡಿದ ನಿಯಮದ ಪ್ರಕಾರ ವ್ಯಾಪಾರದ ಮೆಸೇಜುಗಳನ್ನು ಸಗಟಾಗಿ ಕಳಿಸುವವರು ಅಂಗಡಿಯ ಹೆಸರು, ಮೆಸೇಜಿನ ನಮೂನೆ ಎಲ್ಲವನ್ನೂ ನೋಂದಾಯಿಸಬೇಕು. 2024ರ ಅಕ್ಟೋಬರ್ 1ರಿಂದ ಮೆಸೇಜಿನೊಳಗಿನ ಲಿಂಕೂ ಮೊದಲೇ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಕಂಪನಿಗಳು ತಡೆಯುತ್ತವೆ. ಸ್ವಂತ ಸಿಮ್ಮಿನಿಂದ ನೂರಾರು ಜನಕ್ಕೆ ಹಾರಿಸಿದರೆ ಸಿಮ್ಮೇ ಬಂದ್ ಆದೀತು.

ಎಸ್ಸೆಮ್ಮೆಸ್ಸಿನಲ್ಲಿ ನಮ್ಮ ಲಿಪಿಗಳಿಗೆ ಇನ್ನೊಂದು ತೊಡಕು ಇದೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸಿದರೆ ಕನ್ನಡ, ತೆಲುಗಿನಲ್ಲಿ 70 ಮಾತ್ರ. ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. 'ಕೃತಜ್ಞತೆ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರದ ಲೆಕ್ಕಕ್ಕೆ ಎಂಟು. 70 ದಾಟಿದರೆ ಮೆಸೇಜು ತುಂಡಾಗಿ, ತುಂಡಿಗೊಂದರಂತೆ ದುಡ್ಡು ಬೀಳುತ್ತದೆ. ಹಾಗಾಗಿ ಅಂಗಡಿಯವರು ಇಂಗ್ಲಿಷಿಗೆ ಹೋಗುವುದು ಸಹಜ. ಆದರೆ ಓದಲಾಗದ ಮೆಸೇಜು ಎಷ್ಟು ಅಗ್ಗವಾದರೂ ದಂಡವೇ.

ಯಾವಾಗ ಕೇಳಬೇಕು?

ಒಮ್ಮೆ ನನ್ನ ಫೋನಿಗೆ ಇಂಥದೇ ಒಂದು ಮೆಸೇಜು ಬಂತು. ರಿಪೇರಿಯಾದ ಮೋಟಾರು ಇನ್ನೂ ಗಾಡಿಯಲ್ಲೇ ಇತ್ತು, ಬೋರಿಗೆ ಇಳಿಸಿರಲಿಲ್ಲ. 'ನಮ್ಮ ಸೇವೆಗೆ ಐದು ನಕ್ಷತ್ರ ಕೊಡಿ' ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ನೀರು ನೋಡದೆ ನಕ್ಷತ್ರ ಹಾಕುವುದು ಹೇಗೆ? ಬಿಲ್ಲು ಹರಿದ ಗಳಿಗೆಯೇ ಕೇಳು ಎಂದು ಯಾರೋ ಯಂತ್ರಕ್ಕೆ ಹೇಳಿದ್ದರು, ಅದು ಹಾಗೇ ಮಾಡಿತು. ಅದರದೇನೂ ತಪ್ಪಿಲ್ಲ.

ಒಂದೊಂದು ಕಸುಬಿಗೆ ಒಂದೊಂದು ಗಡುವು. ಮೋಟಾರು ವೈಂಡಿಂಗ್ ಆದರೆ ಮೂರ್ನಾಲ್ಕು ಸಲ ನೀರು ಹಾಯಿಸುವಷ್ಟು ದಿನ ಬಿಡಬೇಕು, ಒಂದು ವಾರ ಹತ್ತು ದಿನ. ಬೈಕ್ ರಿಪೇರಿಗೆ ಒಂದು ವಾರ ಓಡಿಸಿದ ಮೇಲೆ. ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿ ಬಟ್ಟೆ ಹೊಲಿದುಕೊಡುವವರು ಎರಡು ಸಲ ಒಗೆದ ಮೇಲೆ ಕೇಳಿದರೆ ಹೊಲಿಗೆಯ ಗಟ್ಟಿತನ ಗೊತ್ತಾಗುತ್ತದೆ. ಬಾಡಿಗೆ ಟ್ರ್ಯಾಕ್ಟರಿನವರು ಮಾತ್ರ ಉಳುಮೆ ಆದ ಸಂಜೆಯೇ ಕೇಳಬಹುದು, ಕೆಲಸ ಕಣ್ಣೆದುರಿಗೇ ಇರುತ್ತದೆ.

ಬೋರು ಕೊರೆಯುವವರದ್ದು ಬೇರೆ ಕಷ್ಟ. ನೀರು ಬೀಳದ ರೈತ ಸಾಲ ಮಾಡಿ ಕಂಗಾಲಾಗಿರುತ್ತಾನೆ. ಮಾರನೇ ದಿನವೇ ಅವನ ಫೋನಿಗೆ 'ನಕ್ಷತ್ರ ಹಾಕಿ' ಎಂದು ಬಂದರೆ ಗಾಯಕ್ಕೆ ಉಪ್ಪು ಸವರಿದಂತೆ. ನೆಲದಡಿಯ ನೀರು ಲಾರಿಯವನ ಕೈಲಿಲ್ಲ ಎಂಬುದು ನಿಜ. ಆದರೆ ಅಡಿ ಲೆಕ್ಕ ಸರಿ ಇತ್ತೇ, ಕೇಸಿಂಗ್ ಪೈಪು ಹೇಳಿದಷ್ಟು ಇಳಿಸಿದರೇ, ಬಿಲ್ಲು ಮಾತಿನಂತೆ ಇತ್ತೇ ಎಂಬುದು ಅವನ ಕೈಲಿದೆ. ಅದನ್ನೇ ಕೇಳಬೇಕು, ಸ್ವಲ್ಪ ದಿನ ಬಿಟ್ಟು ಕೇಳಬೇಕು. ನೀರು ಬಿದ್ದವನನ್ನೂ, ಬೀಳದವನನ್ನೂ ಒಂದೇ ರೀತಿ ಕೇಳಬೇಕು.

ಒಬ್ಬರಿಗೆ ಒಂದು ಸಲ ಸಾಕು. ಉತ್ತರ ಬಾರದಿದ್ದರೆ ಇನ್ನೊಂದು ಸಲ ನೆನಪಿಸಬಹುದು. ಮೂರನೇ ಸಲ ಕೇಳಿದರೆ ಅದು ಸಾಲ ವಸೂಲಿ ಆಗ್ತದೆ. ಬೆಳಗಿನ ಜಾವ, ರಾತ್ರಿ ಊಟದ ಹೊತ್ತು ಬಿಟ್ಟುಬಿಡಿ.

ಯಾವ ಮಾತಿನಲ್ಲಿ?

'ಗಿರಾಕಿ' ಎಂಬ ಪದವನ್ನೇ ನೋಡಿ. ಕನ್ನಡದಲ್ಲಿ ಅಂಗಡಿಗೆ ಬರುವವನು ಗಿರಾಕಿ, ತೆಲುಗಿನಲ್ಲಿ ಹೆಚ್ಚಾಗಿ ಸರಕಿಗೆ ಇರುವ ಬೇಡಿಕೆಗೆ ಗಿರಾಕಿ ಅಂತಾರೆ. 'ವಿಮರ್ಶೆ' ಎಂದು ಕನ್ನಡದಲ್ಲಿ ಬರೆದರೆ ಪುಸ್ತಕದ ಮಾತಾಯಿತು, ಅದನ್ನೇ ತೆಲುಗಿಗೆ ಒಯ್ದರೆ ತಪ್ಪು ಹುಡುಕಿ ಬಯ್ಯಿರಿ ಎಂದು ಕೇಳಿದ ಹಾಗಾಗುತ್ತದೆ. ಪದಕ್ಕೆ ಪದ ಇಟ್ಟು ಯಂತ್ರದಲ್ಲಿ ತರ್ಜುಮೆ ಮಾಡಿಸಿದರೆ ಇಂಥ ಎಡವಟ್ಟುಗಳೇ. ಹಾಗಾಗಿ ಬಿಲ್ಲು ಪುಸ್ತಕದಲ್ಲಿ ನಂಬರಿನ ಪಕ್ಕ 'ಕ' ಅಥವಾ 'ತೆ' ಎಂದು ಒಂದು ಗುರುತು ಹಾಕಿಕೊಳ್ಳಿ. ಎರಡು ಭಾಷೆಗೂ ನೀವೇ ಕೂತು ಬೇರೆ ಬೇರೆ ಬರೆದಿಡಿ. ಅಂಗಡಿಯಲ್ಲಿ ಮಾತಾಡುವ ಹಾಗೆ ಇದ್ದರೆ ಸಾಕು.

ಕನ್ನಡಕ್ಕೆ ಹೀಗೆ: 'ಅಣ್ಣಾ, ಹೋದ ವಾರ ವೈಂಡಿಂಗ್ ಮಾಡಿಕೊಟ್ಟ ಮೋಟಾರು ಚೆನ್ನಾಗಿ ನೀರು ಹೊಡೀತಾ ಐತಾ? ಚೆನ್ನಾಗಿದ್ದರೂ ಇಲ್ಲದಿದ್ದರೂ ಇದ್ದದ್ದನ್ನ ಇದ್ದ ಹಾಗೆ ಈ ಲಿಂಕಿನಲ್ಲಿ ಬರೆಯಿರಿ. ಕೆಲಸದಲ್ಲಿ ಕೊರತೆ ಇದ್ದರೆ ಅಂಗಡಿಗೆ ಫೋನ್ ಮಾಡಿ, ನೋಡಿಕೊಡ್ತೀವಿ.'

ತೆಲುಗಿಗೆ ಹೀಗೆ: 'ಅನ್ನಾ, ಪೋಯಿನ ವಾರಂ ವೈಂಡಿಂಗ್ ಚೇಸಿಚ್ಚಿನ ಮೋಟಾರು ಬಾಗಾ ನೀಳ್ಳು ಪೋಸ್ತಾಂದಾ? ಬಾಗುನ್ನಾ, ಬಾಗಲೇಕಪೋಯಿನಾ, ಉನ್ನದಿ ಉನ್ನಟ್ಟು ಈ ಲಿಂಕ್‌ಲೋ ರಾಯಂಡಿ. ಪನಿಲೋ ಲೋಪಂ ಉಂಟೇ ಅಂಗಡಿಕಿ ಫೋನ್ ಚೇಯಂಡಿ.'

ಗಿರಾಕಿ ಹೆಣ್ಣುಮಗಳಾದರೆ ಎರಡು ಕಡೆಯೂ 'ಅಕ್ಕಾ' ಎನ್ನಿ. ಬರೆಯಲು ಬಾರದವರು ಬರೀ ನಕ್ಷತ್ರ ಹಾಕಿದರೂ ಆಗುತ್ತದೆ, ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುವ ಕೀಬೋರ್ಡು ಫೋನುಗಳಲ್ಲಿದೆ. ಕೀಪ್ಯಾಡ್ ಫೋನಿನ ಹಿರಿಯರಿಗೆ ಯಂತ್ರ ಬೇಡ, ನೀವೇ ಒಂದು ಫೋನ್ ಮಾಡಿ ಕೇಳಿ. ಅವರ ಮಾತು ನಕ್ಷತ್ರವಾಗದಿದ್ದರೂ ಸಂತೆಯಲ್ಲಿ ನಡೆಯುತ್ತದೆ.

ಮೆಚ್ಚಿದವರನ್ನು ಮಾತ್ರ ಕೇಳುವುದು ಮೋಸ

ಈ ಏರ್ಪಾಡು ಮಾರುವ ಕೆಲವರು ಒಂದು ಉಪಾಯ ಹೇಳಿಕೊಡುತ್ತಾರೆ. ಮೊದಲು 'ನಿಮಗೆ ಖುಷಿಯಾಯಿತೇ' ಎಂದು ಕೇಳುವುದು, ಹೌದು ಅಂದವರಿಗೆ ಮಾತ್ರ ಗೂಗಲ್ ಲಿಂಕು ಕೊಡುವುದು, ಇಲ್ಲ ಅಂದವರ ಮಾತನ್ನು ಅಂಗಡಿಯೊಳಗೇ ಮುಚ್ಚಿಡುವುದು. ಇದು ಗೂಗಲ್ ನಿಯಮಕ್ಕೆ ವಿರುದ್ಧ. ಒಳ್ಳೆಯದು ಬರೆದರೆ ಬಿಲ್ಲಿನಲ್ಲಿ ಇಷ್ಟು ಕಡಿಮೆ ಎಂಬ ಆಸೆ ತೋರಿಸುವುದೂ ವಿರುದ್ಧವೇ. ಮೇಲಿನ ನಮೂನೆಯಲ್ಲಿ ಲಿಂಕೂ, ಅಂಗಡಿಗೆ ಫೋನ್ ಮಾಡಿ ಎಂಬ ಮಾತೂ ಎಲ್ಲರಿಗೂ ಒಟ್ಟಿಗೇ ಹೋಗುತ್ತದೆ. ವ್ಯತ್ಯಾಸ ಅಲ್ಲಿದೆ.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಇದಕ್ಕೆಂದೇ ಐಎಸ್ 19000 ಎಂಬ ಮಾನಕ ತಂದಿತು. ದುಡ್ಡು ಕೊಟ್ಟು ಬರೆಸಿದ, ಇದಕ್ಕೆಂದೇ ಇಟ್ಟುಕೊಂಡ ಆಳುಗಳಿಂದ ಬರೆಸಿದ ಅಭಿಪ್ರಾಯಗಳನ್ನು ಪ್ರಕಟಿಸಬಾರದು ಎಂಬುದು ಅದರ ತಿರುಳು. ಒಪ್ಪುವುದು ಬಿಡುವುದು ಕಂಪನಿಗಳಿಗೆ ಬಿಟ್ಟದ್ದಾಗಿ ಅದು ಬಂತು. ಗಿರಾಕಿಯ ಫೋನನ್ನು ಕೌಂಟರಿನಲ್ಲೇ ಇಸಕೊಂಡು ತಾವೇ ಐದು ನಕ್ಷತ್ರ ಒತ್ತುವ ಅಂಗಡಿಯವರಿದ್ದಾರೆ. ತಕ್ಕಡಿ ಕೆಳಗೆ ಬೆರಳಿಟ್ಟು ತೂಗುವುದಕ್ಕೂ ಇದಕ್ಕೂ ಏನು ಫರಕು?

ಒಂದು ನಕ್ಷತ್ರ ಬಂತೆಂದು ಎದೆಗುಂದಬೇಡಿ. 'ಒಂದು ಫೇಸ್ ಹೋಗಿ ಮೋಟಾರು ಸುಟ್ಟಿತ್ತು, ಬಂದು ನೋಡಿದೆವು, ಸ್ಟಾರ್ಟರ್ ಬದಲಿಸಿ ಎಂದೆವು' ಎಂದು ನಡೆದದ್ದನ್ನು ಸಮಾಧಾನವಾಗಿ ಬರೆಯಿರಿ, ಗಿರಾಕಿ ಬರೆದ ಭಾಷೆಯಲ್ಲೇ ಬರೆಯಿರಿ. ಮುಂದೆ ಬರುವವನು ದೂರನ್ನೂ ಓದುತ್ತಾನೆ, ನಿಮ್ಮ ಉತ್ತರವನ್ನೂ ಓದುತ್ತಾನೆ. ಈ ಉತ್ತರ ಬರೆಯುವ ಕೆಲಸ ಮಾತ್ರ ಯಂತ್ರಕ್ಕೆ ಬಿಡಬೇಡಿ.

ಗಿರಾಕಿಗಳಿಗೂ ಎರಡು ಮಾತು

ಲಿಂಕು ಕಂಡರೆ ರೈತ ಹೆದರುತ್ತಾನೆ, ಹೆದರುವುದು ಒಳ್ಳೆಯದೇ. ಅಭಿಪ್ರಾಯ ಕೇಳುವವರಿಗೆ ನಿಮ್ಮ ಒಟಿಪಿ ಬೇಡ, ಬ್ಯಾಂಕ್ ಖಾತೆ ಬೇಡ, ಹೊಸ ಆ್ಯಪ್ ಇಳಿಸುವುದೂ ಬೇಡ. ಇವುಗಳಲ್ಲಿ ಯಾವುದನ್ನು ಕೇಳಿದರೂ ಅದು ಕಳ್ಳರ ಬಲೆ. 'ಮನೆಯಲ್ಲೇ ಕೂತು ಹೋಟೆಲುಗಳಿಗೆ ನಕ್ಷತ್ರ ಹಾಕಿ, ದುಡ್ಡು ಗಳಿಸಿ' ಎಂದು ಶುರುಮಾಡಿ, ಮೊದಲು ಚಿಲ್ಲರೆ ಕೊಟ್ಟು, ಆಮೇಲೆ ಲಕ್ಷ ಕಿತ್ತುಕೊಳ್ಳುವ ಮೋಸ ದೇಶದ ತುಂಬ ನಡೆದಿದೆ. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಗಡಿಯ ಈಚೆಗೂ ಆಚೆಗೂ ಅದೇ ನಂಬರು.

ಅಂಗಡಿಯವರೂ ಬಿಲ್ಲು ಬರೆಯುವಾಗಲೇ 'ಹತ್ತು ದಿನ ಬಿಟ್ಟು ಕೆಲಸ ಹೇಗಿದೆ ಅಂತ ಒಂದು ಮೆಸೇಜು ಕಳಿಸ್ತೀವಿ, ಆಗಬಹುದಾ?' ಎಂದು ಬಾಯಲ್ಲಿ ಕೇಳಿಬಿಡಿ. 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಮಾಹಿತಿ ಬಳಸಲು ಒಪ್ಪಿಗೆಯನ್ನೇ ಮುಖ್ಯ ಮಾಡಿದೆ, ಮರ್ಯಾದೆ ಕೇಳುವುದೂ ಅದನ್ನೇ. ಬೇಡ ಅಂದವರ ನಂಬರಿಗೆ ಗೀಟು ಹಾಕಿ. ಹೂಂ ಅಂದವರು ಮೆಸೇಜು ಬಂದಾಗ ಗುರುತು ಹಿಡಿಯುತ್ತಾರೆ, ಹೆದರದೆ ಒತ್ತುತ್ತಾರೆ. ಇದ್ದದ್ದು ಇದ್ದ ಹಾಗೆ ಬರೆದ ಆ ಎರಡು ಸಾಲು, ಮೊಳಕಾಲ್ಮೂರಿನ ಯಾವನೋ ರೈತನಿಗೆ ಬೆಳೆ ಒಣಗುವ ಹೊತ್ತಿನಲ್ಲಿ ಸರಿಯಾದ ಅಂಗಡಿಯ ಬಾಗಿಲು ತೋರಿಸೀತು.