ಪೂರ್ಣ ಸ್ಕಾಲರ್‌ಶಿಪ್ಪೋ, ಮನೆಯಿಂದ ಓಡಾಟವೋ?

ಪಿಯುಸಿ ಮುಗೀತು. ಬೆಂಗಳೂರಿನ ಕಾಲೇಜೊಂದು ಪೂರ್ಣ ಸ್ಕಾಲರ್‌ಶಿಪ್ ಕೊಡ್ತೀವಿ ಅಂತಿದೆ. ಮನೇಲಿ ಮಾತ್ರ, "ಮಂಡ್ಯದಿಂದ ಮೈಸೂರು 45 ಕಿಲೋಮೀಟರ್ ಅಷ್ಟೇ, ದಿನಾ ಹೋಗಿ ಬಾ" ಅಂತಾರೆ. ಏನು ಮಾಡೋದು?

ಮೊದಲು ಪ್ರವೇಶ ಪತ್ರ ಪೂರ್ತಿ ಓದಿ. ಬೋಧನಾ ಶುಲ್ಕ ಮಾತ್ರ ಮನ್ನಾನಾ, ಹಾಸ್ಟೆಲ್, ಊಟವೂ ಸೇರಿದೆಯಾ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿ ವಸತಿ, ಊಟಕ್ಕೂ ನೆರವು ಕೊಡ್ತಾರೆ. ಎಲ್ಲ ಕಡೆ ಹಾಗಿಲ್ಲ. ಊಟ, ಬಾಡಿಗೆ ನಿಮ್ಮ ತಲೆಗೇ ಬಂದರೆ ಅಪ್ಪ ಸಾಲ ಮಾಡಬೇಕಾದೀತು.

ಇನ್ನೊಂದು, ಬಹಳ ಜನ ನೋಡದೇ ಬಿಡೋ ಸಾಲು: ನವೀಕರಣದ ಷರತ್ತು. ಮುಂದಿನ ವರ್ಷವೂ ನೆರವು ಬೇಕಾದರೆ ಎಷ್ಟು ಅಂಕ ಬೇಕು? ಒಂದು ವಿಷಯ ಉಳಿದರೆ ಏನಾಗುತ್ತೆ? ಉತ್ತರ ಬರವಣಿಗೆಯಲ್ಲೇ ಕೇಳಿ.

ಈಗ ಓಡಾಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ದುಡ್ಡು ಉಳಿಯಿತು, ಸಮಯ? ಬಸ್ ಕಾಯೋದೂ ಸೇರಿ ದಿನಕ್ಕೆ ಮೂರು ಗಂಟೆ ಹೋದರೆ, ಲೈಬ್ರರಿ, ಲ್ಯಾಬ್, ಸಂಜೆಯ ಗೆಳೆತನ ಎಲ್ಲಕ್ಕೂ ಕತ್ತರಿ.

ನನ್ನ ಅಭಿಪ್ರಾಯ ಹೇಳ್ತೀನಿ. ವಸತಿ, ಊಟ ಸೇರಿದ್ದು, ನಿಮಗೆ ಬೇಕಾದ ಕೋರ್ಸೇ ಆಗಿದ್ದರೆ ಹೊರಡಿ. ಬೇಡದ ಕೋರ್ಸಿಗೆ ಬರೀ ದುಡ್ಡು ನೋಡಿ ಹೋಗಬೇಡಿ. ಮನೆಯಲ್ಲಿ ಕಾಯಿಲೆಯವರಿದ್ದು ನೀವೇ ನೋಡಿಕೊಳ್ಳಬೇಕಿದ್ದರೆ, ಉಳಿಯೋದೂ ಸರಿಯಾದ ನಿರ್ಧಾರವೇ.

ಅಪ್ಪ ಅಮ್ಮಂದಿರೇ, ಮಗಳಿಗೆ ಬೇಡ ಅನ್ನೋ ಮುಂಚೆ ಒಮ್ಮೆ ಅವಳ ಜೊತೆ ಹೋಗಿ ಆ ಹಾಸ್ಟೆಲ್ ನೋಡಿ ಬನ್ನಿ.