ಮಂಗಳ ಹಾಡಿದರೂ ಮುಗಿಯದ ‘ಫ್ಯೂಚರಾಮಾ’

ಸರಣಿ ಮುಗಿಯಿತೋ ಇಲ್ಲವೋ, ಬರೆದವರಿಗೇ ಗೊತ್ತಿಲ್ಲ.
ಹಾಗಾದರೆ ಕೊನೆಯ ದೃಶ್ಯ ಬರೆಯುವುದು ಹೇಗೆ?

‘ಫ್ಯೂಚರಾಮಾ’.
ಪಿಜ್ಜಾ ಹಂಚುವ ಹುಡುಗ ಫ್ರೈ
ಹೆಪ್ಪುಗಟ್ಟಿ ಮಲಗಿ,
ಸಾವಿರ ವರ್ಷದ ನಂತರ ಕಣ್ಣು ಬಿಡುವ ನಗೆ ಕಾರ್ಟೂನು.
1999ರಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರು.
2003ಕ್ಕೆ ಬಂದ್!

ಆದರೆ ಡಿವಿಡಿಗಳು ಚೆನ್ನಾಗಿ ಮಾರಾಟವಾದವು.
ಹಾಗಾಗಿ ನಾಲ್ಕು ಸಿನಿಮಾ ಬಂದವು.
ಕೊನೆಯದು, 2009ರ ‘ಇನ್‌ಟು ದ ವೈಲ್ಡ್ ಗ್ರೀನ್ ಯಾಂಡರ್’.

ಇದೇ ಕೊನೆಯೋ ಎಂದು ಆಗ ಬರೆದವರಿಗೂ ಗೊತ್ತಿರಲಿಲ್ಲ.
ಅದರ ಕೊನೆಗೆ ಏನಾಗುತ್ತದೆ ಗೊತ್ತಾ?
ಫ್ರೈ ಮತ್ತು ಅವನ ಸಹೋದ್ಯೋಗಿ ಲೀಲಾ ಪ್ರೀತಿ ಹೇಳಿಕೊಳ್ಳುತ್ತಾರೆ.
ಇಡೀ ತಂಡದ ಜೊತೆ ಅವರ ಬಾಹ್ಯಾಕಾಶ ಹಡಗು ಸುರಂಗದಂಥ ವರ್ಮ್‌ಹೋಲ್‌ಗೆ ನುಗ್ಗುತ್ತದೆ.
ಆಚೆ ಏನಿದೆ? ಸಿನಿಮಾ ಹೇಳುವುದಿಲ್ಲ.

ಮಂಗಳೂರಿನವರಿಗೆ ಯಕ್ಷಗಾನದ ಮಾತಲ್ಲಿ ಹೇಳುವುದಾದರೆ,
ಭಾಗವತರು ಮಂಗಳ ಹಾಡಿಯಾಯಿತು,
ಚೌಕಿಯಲ್ಲಿ ಯಾರೂ ವೇಷ ಕಳಚಿಲ್ಲ!

2010ರಲ್ಲಿ ಕಾಮಿಡಿ ಸೆಂಟ್ರಲ್‌ನಲ್ಲಿ ಸರಣಿ ಮರಳಿತು.
2013ಕ್ಕೆ ನಿಂತು, 2023ರಲ್ಲಿ ‘ಹುಲು’ ಸ್ಟ್ರೀಮಿಂಗ್ ತಾಣದಲ್ಲಿ ಮತ್ತೆ ಬಂತು.

ಆದರೂ ಆ ಹಸಿರು ಸಿನಿಮಾದ ಧೈರ್ಯದ ವಿದಾಯ
ಒಮ್ಮೆ ನೋಡಲೇಬೇಕು.